ಸಪೂರದ್ದು ಇರಲಿ, ದಪ್ಪದ್ದು ಹೋಗಲಿ

ಇವತ್ತು ಶನಿವಾರ. ಕುಚ್ಚಲಕ್ಕಿ ತೊಳೆದು ನೆನೆಸಿಟ್ಟೆ. ನಿನ್ನೆ ಕೆಸರಾದ ಪ್ಯಾಂಟುಗಳನ್ನು ಬಕೆಟಿಗೆ ಹಾಕಿ ನೀರು ಬದಲಿಸಿ ಬದಲಿಸಿ ಜಾಲಿಸಿದೆ. ಕೊಳದ ವಾಸನೆ ಹೋಗಲಿಲ್ಲ, ಮತ್ತೆ ಸೋಪಿನ ನೀರಿನಲ್ಲಿ ಅದ್ದಿಟ್ಟೆ. ಬಾಲ್ಕನಿಯ ಧೂಳು ಒರೆಸಿದೆ. ಇವರ ಕಣ್ಣಿಗೆ ಮದ್ದು ಬಿಟ್ಟೆ. ಜಮಿಯಾಕ್ಕೆ, ಅಂದರೆ ನಮ್ಮ ಏರಿಯಾದ ಸಹಕಾರಿ ಅಂಗಡಿಗೆ ಹೋಗಿ ಮೊಸರು, ಈರುಳ್ಳಿ, ಪಾತ್ರೆ ತಿಕ್ಕುವ ನಾರು ತಂದೆ. ಮಗಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಿದೆ. ನಾಳೆ ಭಾನುವಾರ, ಇಲ್ಲಿ ಶಾಲೆಯ ದಿನ. ತೊಂಡೆಕಾಯಿ ಕೊಚ್ಚಿದೆ. ಮಿಕ್ಕಿದ ಕೆಂಪು ರಿಬ್ಬನ್ ಸುತ್ತಿ ಹೊಲಿಗೆ ಡಬ್ಬಿಯೊಳಗೆ ಇಟ್ಟೆ. ಅಲ್ಲಿಯವರೆಗೆ ದಿನವು ದಿನದ ಹಾಗೆಯೇ ಇತ್ತು.

ರಿಬ್ಬನ್ ಯಾಕೆ ಬಂತು ಎಂದು ಹೇಳಬೇಕಾದರೆ ಜೊಂಡಿನಿಂದ ಶುರು ಮಾಡಬೇಕು.

ಇವರಿಗೆ ಕೆಲಸ ಕುವೈತಿನ ವಾಫ್ರಾ ಕಡೆಯ ಒಂದು ಖಾಸಗಿ ತೋಟದಲ್ಲಿ. ಗಿಡಮರಗಳೆಲ್ಲ ಇವರ ಉಸ್ತುವಾರಿ. ನಾವಿರುವುದು ಫಿಂಟಾಸಿನಲ್ಲಿ, ತೋಟದ ಪಿಕಪ್ ಬೆಳಿಗ್ಗೆ ಬಂದು ಇವರನ್ನು ಕರೆದುಕೊಂಡು ಹೋಗುತ್ತದೆ, ಸಂಜೆ ತಂದು ಬಿಡುತ್ತದೆ. ತೋಟದ ಯಜಮಾನ ವಯಸ್ಸಾದ ಕುವೈತಿ. ಇವರ ಕಫೀಲೂ ಅವರೇ, ಅಂದರೆ ನಾವು ಮೂವರೂ ಈ ದೇಶದಲ್ಲಿ ಇರುವುದು ಅವರ ಒಂದು ಸಹಿಯ ಮೇಲೆ. ಖರ್ಜೂರದ ಮರಗಳಿಗೆ ಹಾಕಿದ ನೀರು ಬಸಿದು ತಗ್ಗಿಗೆ ಇಳಿದು ಅಲ್ಲಿ ಒಂದು ಕೊಳ ಆಗಿದೆ. ಮೊದಲು ಅದು ಬರೀ ಗುಂಡಿ ಆಗಿತ್ತಂತೆ. ಈ ಮರಳಿನಲ್ಲಿ ಎಲ್ಲಿ ಸ್ವಲ್ಪ ಸಿಹಿನೀರು ನಿಂತರೂ ಗಾಳಿ ಎಲ್ಲಿಂದಲೋ ಜೊಂಡಿನ ಬೀಜ ತಂದು ಹಾಕುತ್ತದೆ. ಜೊಂಡು ಬಂದ ಮೇಲೆ ಹಕ್ಕಿ ಬಂದವು. ಹಕ್ಕಿ ಬಂದ ಮೇಲೆ ಯಜಮಾನರಿಗೆ ಆ ಗುಂಡಿಯ ಮೇಲೆ ಪ್ರೀತಿ ಬಂತು. ದಂಡೆಯಲ್ಲಿ ಒಂದು ಚಪ್ಪರ ಹಾಕಿಸಿ, ಚಳಿಗಾಲದ ಸಂಜೆ ಅಲ್ಲಿ ಕೂತು ಚಹಾ ಕುಡಿಯುವುದು ಅವರ ಅಭ್ಯಾಸ.

ಒಂದು ವರ್ಷ ನರ್ಸರಿಯಿಂದ ತಾವರೆಯ ಕುಂಡಗಳು ಬಂದವು. ಒಂದು ಕುಂಡದ ಕೆಸರಿನಲ್ಲಿ ಬೇರೊಂದು ಜೊಂಡಿನ ಗೆಡ್ಡೆ ಸೇರಿಕೊಂಡಿತ್ತು. ತಾವರೆ ಸತ್ತಿತು, ಜೊಂಡು ಬದುಕಿತು. ಬದುಕಿದ್ದು ಮಾತ್ರವಲ್ಲ, ವರ್ಷ ವರ್ಷ ಕೊಳದ ಒಳಕ್ಕೆ ಕಾಲು ಚಾಚಿತು. ದೂರದಿಂದ ನೋಡಿದರೆ ಎರಡೂ ಒಂದೇ. ಅದೇ ಕತ್ತಿಯಂಥ ಎಲೆ, ಅದೇ ಕಡ್ಡಿ, ಕಡ್ಡಿಯ ತುದಿಯಲ್ಲಿ ಅದೇ ಕಂದು ಕೋಲು. ಪಿಕಪ್ ಓಡಿಸುವ ಬಾಂಗ್ಲಾ ಭಾಯಿ ಎರಡಕ್ಕೂ ಒಂದೇ ಹೆಸರಿಟ್ಟಿದ್ದಾನೆ, ಕಬಾಬ್. ಬೇರೆ ಎಂದು ಮೊದಲು ಕಂಡುಹಿಡಿದದ್ದು ಇವರು. ಒಂದು ಬೇಸಿಗೆ, ಕೋಲುಗಳು ತುಂಬಿ ನಿಂತಿದ್ದಾಗ, ಯಜಮಾನರನ್ನು ದಂಡೆಗೆ ಕರೆದುಕೊಂಡು ಹೋಗಿ ತೋರಿಸಿದರಂತೆ. ಇಲ್ಲಿ ನೋಡಿ, ಕೆಳಗಿನ ದಪ್ಪ ಕೋಲು ಹೆಣ್ಣು, ಮೇಲಿನ ಸಣ್ಣದು ಗಂಡು. ಇದರಲ್ಲಿ ಎರಡರ ನಡುವೆ ಬರೀ ಕಡ್ಡಿ ಕಾಣುತ್ತದೆ, ಸ್ವಲ್ಪ ಜಾಗ ಬಿಟ್ಟಿದೆ. ಅದರಲ್ಲಿ ಜಾಗವೇ ಇಲ್ಲ, ಒಂದಕ್ಕೊಂದು ಅಂಟಿದೆ. ಇದರ ಬಣ್ಣ ದಾಲ್ಚಿನ್ನಿ, ಅದರದು ಹುರಿದ ಕಾಫಿ. ಇದು ಇಲ್ಲಿಯದು, ಅದು ಬಂದದ್ದು.

ಯಜಮಾನರು ಕೈಚಪ್ಪಾಳೆ ಹೊಡೆದರಂತೆ. ಆವತ್ತಿನಿಂದ ಇವರನ್ನು ಮುಹಂದಿಸ್ ಎಂದು ಕರೆಯಲು ಶುರು ಮಾಡಿದರು, ಎಂದರೆ ಇಂಜಿನಿಯರ್. ಪಿಯುಸಿ ಫೇಲಾದವರು ಇಂಜಿನಿಯರ್ ಆದ ದಿನ ಎಂದು ಇವರು ಮನೆಗೆ ಬಂದು ಹೇಳಿ, ಕ್ಯಾಂಟೀನಿನಿಂದ ತಂದ ಗುಲಾಬ್ ಜಾಮೂನ್ ತಾವೇ ಹಂಚಿದರು.

ಯಜಮಾನರ ಅಪ್ಪಣೆ ಅಂದಿನಿಂದಲೂ ಒಂದೇ: ಸಪೂರದ್ದು ಇರಲಿ, ದಪ್ಪದ್ದು ಹೋಗಲಿ. ಸಪೂರದ್ದು, ದಪ್ಪದ್ದು ಎನ್ನುವುದು ಇವರು ಮನೆಯ ಬಳಕೆಗೆ ಇಟ್ಟ ಹೆಸರು. ಪುಸ್ತಕದ ಹೆಸರು ಲ್ಯಾಟಿನ್‌ನಲ್ಲಿ ಉಂಟು, ಇವರಿಗೆ ಬಾಯಿಪಾಠ, ನನ್ನ ಬಾಯಿಗೆ ಅದು ಹೊರಳುವುದಿಲ್ಲ. ಪ್ರತಿ ವರ್ಷ ಬೇಸಿಗೆಯಲ್ಲಿ ಇವರು ನೀರಿಗಿಳಿದು ದಪ್ಪದ್ದರ ಗುಂಪಿಗೆ ಗುರುತು ಕಟ್ಟುತ್ತಿದ್ದರು, ಮಳೆಗಾಲ ಮುಗಿದು ಚಳಿ ಬಂದ ಮೇಲೆ, ಹಕ್ಕಿ ಗೂಡು ಕಟ್ಟುವ ಮೊದಲು, ಆಳುಗಳು ಅದನ್ನು ಬೇರು ಸಮೇತ ಕೀಳುತ್ತಿದ್ದರು. ಮಳೆಗಾಲ ಎಂದು ಅಭ್ಯಾಸಕ್ಕೆ ಬರೆದೆ. ಇಲ್ಲಿ ಅಂಥದ್ದೊಂದು ಇಲ್ಲ.

ಕಳೆದ ಬೇಸಿಗೆಯಲ್ಲಿ ಗುರುತು ಕಟ್ಟಲು ಆಗಲಿಲ್ಲ. ಕಣ್ಣು ಶುರುವಾದದ್ದು ಆಗಲೇ.

ಮೊದಲು ಮೊಬೈಲಿನ ಅಕ್ಷರದ ಗೆರೆ ವಕ್ರವಾಗಿ ಕಾಣುತ್ತದೆ ಎಂದರು. ಕನ್ನಡಕ ಬದಲಿಸಿದೆವು. ಆಮೇಲೆ ನನ್ನ ಮುಖ ನೋಡಿ, "ನಿನ್ನ ಮೂಗು ಎಲ್ಲಿ ಹೋಯ್ತು ಮಾರಾಯ್ತಿ?" ಎಂದು ನಕ್ಕರು. ನಾನೂ ನಕ್ಕೆ. ಡಾಕ್ಟರು ಎರಡೂ ಕಣ್ಣಿನ ಫೋಟೋ ತೆಗೆದು, ಪರದೆಯ ನಡುಭಾಗ ಹಾಳಾಗುತ್ತಿದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಲು ಇಂಜೆಕ್ಷನ್ ಕೊಡುತ್ತೇವೆ ಎಂದರು. ಅಂದಿನಿಂದ ಇಂಜೆಕ್ಷನ್ ನಡೆಯುತ್ತಿದೆ. ಇವರಿಗೆ ಸುತ್ತಲಿನದು ಕಾಣುತ್ತದೆ: ಬಾಗಿಲು, ಮೆಟ್ಟಿಲು, ಪಕ್ಕದಲ್ಲಿ ಹೋಗುವ ಬೆಕ್ಕು. ಯಾವುದನ್ನು ನೇರ ನೋಡುತ್ತಾರೋ ಅದೇ ಇಲ್ಲ. ಅಲ್ಲಿ ಬೂದಿ ಬಣ್ಣದ ಒಂದು ತೇಪೆ.

"ನೋಡಿದ್ದು ಕಾಣುದಿಲ್ಲ, ನೋಡದ್ದು ಕಾಣ್ತದೆ. ಒಳ್ಳೆ ಕಣ್ಣು," ಎಂದು ಒಂದು ದಿನ ಊಟದ ತಟ್ಟೆಯ ಮುಂದೆ ಹೇಳಿದರು. ಉಪ್ಪಿನಕಾಯಿ ಎಲ್ಲಿದೆ ಎಂದು ತಿಳಿಯಲು ತಟ್ಟೆಯ ಅಂಚಿನಿಂದಾಚೆ ನೋಡುವ ಅಭ್ಯಾಸ ಮಾಡಿಕೊಂಡಿದ್ದರು.

ತೋಟದಲ್ಲಿ ಹೇಳಲಿಲ್ಲ. ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ಈ ಬೇಸಿಗೆಗೆ ಮುಗಿಯುತ್ತದೆ, ಹೊಸದಾಗಿ ಬರೆಸಬೇಕು. ಮಗಳು ಹನ್ನೆರಡನೆಯ ತರಗತಿ, ಪರೀಕ್ಷೆ ಎದುರಿಗೇ ಇದೆ. ಗಿಡದ ಎಲೆ ಕಾಣದ ಮೇಲ್ವಿಚಾರಕನನ್ನು ಯಾರು ಇಟ್ಟುಕೊಳ್ಳುತ್ತಾರೆ? ಈ ಪ್ರಶ್ನೆಯನ್ನು ನಾವಿಬ್ಬರೂ ಬಾಯಿ ಬಿಟ್ಟು ಕೇಳಿಕೊಂಡಿಲ್ಲ. ಇವರು ಹಳೆಯ ಅಭ್ಯಾಸದ ಮೇಲೆ ಕೆಲಸ ನಡೆಸಿದರು. ಎಲ್ಲಿ ಯಾವ ಮರ, ಯಾವ ಪೈಪಿನ ವಾಲ್ವ್ ಎತ್ತ ತಿರುಗುತ್ತದೆ, ಎಲ್ಲ ಕಾಲಿಗೂ ಕೈಗೂ ಗೊತ್ತಿತ್ತು. ಭಾಯಿಗೆ ಗೊತ್ತಾಗಿದೆ, ಆದರೆ ಅವನು ಹೇಳುವವನಲ್ಲ. ಇವರು ಪಿಕಪ್ಪಿನಿಂದ ಇಳಿಯುವಾಗ, ಏನೂ ಆಗದವನ ಹಾಗೆ, "ಚಾಚಾ, ಗಡ್ಡಾ ಹೈ" ಎನ್ನುತ್ತಾನೆ, ಗುಂಡಿ ಉಂಟು ಎಂದು. ಗುಂಡಿ ಇಲ್ಲದಾಗಲೂ ಹೇಳುತ್ತಾನಂತೆ.

ಮೊನ್ನೆ ಬುಧವಾರ ಯಜಮಾನರು ಫೋನ್ ಮಾಡಿ, ಭಾನುವಾರ ಜೆಸಿಬಿ ಬರುತ್ತದೆ, ಈ ಸಲ ಆಳುಗಳಲ್ಲ, ಮಶೀನೇ, ದಪ್ಪದ್ದನ್ನು ಪೂರ್ತಿ ತೆಗೆದುಬಿಡೋಣ, ನೀನು ಗುರುತು ಕಟ್ಟಿಡು ಎಂದರು. ಯಲ್ಲಾ ಮುಹಂದಿಸ್, ಹೊರಡು ಎಂದು ಫೋನಿಟ್ಟರು. ಇವರು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಗೋಡೆಯ ಕಡೆ ನೋಡಿದರು. ಗೋಡೆ ನೋಡಿದರೆ ಗೋಡೆ ಕಾಣುವುದಿಲ್ಲ ಎಂದು ನನಗೆ ಗೊತ್ತು, ಹಾಗಾಗಿ ಅವರು ಏನನ್ನು ನೋಡುತ್ತಿದ್ದರು ಎಂದು ತಿಳಿಯಲಿಲ್ಲ.

"ನಾನು ಬರ್ತೇನೆ," ಎಂದೆ.

"ನಿನಗೆ ಜೊಂಡು ಗೊತ್ತುಂಟಾ?"

"ಬಸಳೆ, ಹರಿವೆ ಗೊತ್ತಾಗುದಿಲ್ವ? ಹೇಳಿಕೊಡಿ."

ಗುರುವಾರ ಸಂಜೆ ಚಪಾತಿ ಹಿಟ್ಟು ಕಲಸಿಟ್ಟಿದ್ದೆ. ಇವರು ದೇವರ ಗೂಡಿನಿಂದ ಉರಿದು ಮುಗಿದ ಊದುಬತ್ತಿಯ ಕಡ್ಡಿ ಎರಡು ತಂದು, ಹಿಟ್ಟು ಚಿವುಟಿ ಕಡ್ಡಿಗೆ ಸುತ್ತಿದರು. ಒಂದರಲ್ಲಿ ಎರಡು ಉಂಡೆ ಅಂಟಿಸಿ, ಇನ್ನೊಂದರಲ್ಲಿ ನಡುವೆ ಜಾಗ ಬಿಟ್ಟು. ಕಣ್ಣಿಗಿಂತ ಬೆರಳೇ ನೋಡುತ್ತಿದ್ದವು. ಮಗಳು ನೀರು ಕುಡಿಯಲು ಬಂದವಳು ನಿಂತು, "ಅಪ್ಪ, ಆರ್ ಯೂ ಮೇಕಿಂಗ್ ಕಬಾಬ್?" ಎಂದಳು.

"ಹೌದು, ವೆಜ್ ಕಬಾಬ್. ನಿನ್ನ ಟಿಫಿನ್ನಿಗೆ."

"ಯಕ್," ಎಂದು ಅವಳು ಒಳಗೆ ಹೋದಳು. ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷ್.

ಇವರು ಪಾಠ ಮುಂದುವರಿಸಿದರು. ಎರಡರ ಗಡಿಯಲ್ಲಿ ಬೆರಕೆಯೂ ಹುಟ್ಟಬಹುದು, ಅದರಲ್ಲಿ ಜಾಗ ಇದ್ದೂ ಇಲ್ಲದ ಹಾಗೆ. ಅದನ್ನು ನಿಜವಾಗಿ ಹೇಳಬೇಕಾದರೆ ಹೂವಿನ ಪುಡಿಯನ್ನು ದೊಡ್ಡ ಭೂತಗನ್ನಡಿಯ ಕೆಳಗೆ ಇಟ್ಟು ನೋಡಬೇಕು. ದಪ್ಪದ್ದರ ಪುಡಿ ನಾಲ್ಕು ನಾಲ್ಕು ಅಂಟಿಕೊಂಡಿರುತ್ತದೆ, ಸಪೂರದ್ದರ ಪುಡಿ ಒಂಟಿ ಒಂಟಿ. ಒಂದು ಹುಲ್ಲಿಗೆ ಇಷ್ಟು ಸಂಗತಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಇವರ ಅಂಗಿಯಿಂದ ಹತ್ತಿಯಂಥ ಅರಳೆ ಕೊಡವಿದ್ದೇನೆ, ಅದು ಏನು ಎಂದು ಕೇಳಿರಲಿಲ್ಲ.

ನಿನ್ನೆ ಶುಕ್ರವಾರ, ರಜೆ. ಹೆಂಡತಿಗೆ ಕೊಳ ನೋಡಬೇಕಂತೆ ಎಂದು ಇವರು ಯಜಮಾನರಲ್ಲಿ ಕೇಳಿ ಒಪ್ಪಿಗೆ ತೆಗೆದುಕೊಂಡಿದ್ದರು. ಚಪಾತಿ, ಮೊಟ್ಟೆ ಪಲ್ಯ, ಫ್ಲಾಸ್ಕಿನಲ್ಲಿ ಚಹಾ, ಗುರುತಿಗೆ ಕೆಂಪು ರಿಬ್ಬನ್ ಕಟ್ಟಿಕೊಂಡೆವು. ಮಗಳಿಗೆ ಓದಲಿಕ್ಕಿತ್ತು, ಅವಳು ಬರಲಿಲ್ಲ. ಚಳಿಗಾಳಿ ಬೀಸುತ್ತಿತ್ತು, ರಸ್ತೆಯ ಬದಿಯ ಮರಳಿನಲ್ಲಿ ಚಳಿಗಾಲದ ಡೇರೆಗಳು ಎದ್ದಿದ್ದವು. ಭಾಯಿ ನಮ್ಮನ್ನು ಇಳಿಸಿ, ನಮಾಜಿಗೆ ಹೋಗಿ ಬರುತ್ತೇನೆ ಎಂದು ಹೋದ.

ಕೊಳದ ಮುಂದೆ ನಿಂತ ಕೂಡಲೇ ನನ್ನ ಪಾಠವೆಲ್ಲ ವ್ಯರ್ಥ ಎಂದು ತಿಳಿಯಿತು. ಚಪಾತಿ ಹಿಟ್ಟಿನ ಕಡ್ಡಿ ಬೇಸಿಗೆಯದು. ಈಗ ಕೋಲುಗಳು ಒಡೆದು ಅರಳೆ ಹಾರಿಹೋಗಿತ್ತು. ಹೆಚ್ಚಿನ ಕಡ್ಡಿಗಳ ತುದಿಯನ್ನು ಗಾಳಿ ಮುರಿದಿತ್ತು. ನಿಂತ ಕೆಲವು ಹಳೆಯ ಪಾತ್ರೆ ಬ್ರಶ್ಶಿನ ಹಾಗೆ ಕೆದರಿಕೊಂಡು, ಬಣ್ಣ ಹೋಗಿ, ಎಲ್ಲ ಒಂದೇ ಮಾಸಲು. ಗಂಡು ಎಲ್ಲಿ, ಹೆಣ್ಣು ಎಲ್ಲಿ, ನಡುವಿನ ಜಾಗ ಎಲ್ಲಿ?

"ಎಂತ ಕಾಣ್ತದೆ?" ಇವರು ದಂಡೆಯ ಮೇಲಿನ ಪ್ಲಾಸ್ಟಿಕ್ ಕ್ರೇಟ್ ಬೋರಲು ಹಾಕಿ ಕೂತಿದ್ದರು.

"ಎಲ್ಲ ಒಂದೇ ಕಾಣ್ತದೆ."

"ಬಣ್ಣ?"

"ಗೋಣಿಚೀಲ."

"ಹಾಗಾದ್ರೆ ಎಲೆ ನೋಡು. ಬುಡದ ಎಲೆ ಹಸಿರು ಇರ್ತದೆ. ಹೆಬ್ಬೆರಳು ಉದ್ದಕ್ಕೆ ಇಡು. ಹೆಬ್ಬೆರಳಿಗಿಂತ ಅಗಲ ಇದ್ರೆ ದಪ್ಪದ್ದು. ಒಳಗೆ ನಿಂತ್ರೆ ಸಪೂರದ್ದು. ನಾನು ಯಾವಾಗ್ಲೂ ಹಾಗೇ ಮಾಡುದು, ನೀರಲ್ಲಿ ನಿಂತು ಸ್ಕೇಲ್ ಯಾರು ಹಿಡೀತಾರೆ?"

ಇದು ನನಗೆ ಅರ್ಥವಾಗುವ ಭಾಷೆ. ಅನ್ನಕ್ಕೆ ನೀರು ಇಡುವುದು ಬೆರಳಿನ ಗೆಣ್ಣಿನಿಂದ, ಜಡೆಗೆ ಹೂವು ಅಳೆಯುವುದು ಮೊಳದಿಂದ. ಇವರ ಗಮ್‌ಬೂಟಿಗೆ ಹಳೆಯ ಬಟ್ಟೆ ತುರುಕಿ ಹಾಕಿಕೊಂಡು ನೀರಿಗಿಳಿದೆ. ಒಂದೊಂದು ಗುಂಪಿನ ಬುಡದಲ್ಲಿ ಬಗ್ಗಿ ಎಲೆ ಹಿಡಿದು ಹೆಬ್ಬೆರಳು ಇಟ್ಟೆ.

"ಎಂತಾಯ್ತು?"

"ಅಗಲ ಉಂಟು."

"ಕಟ್ಟು."

"ಇದು ಒಳಗೆ ನಿಂತಿತು."

"ಬಿಡು."

ಹೀಗೆಯೇ ದಂಡೆಯಿಂದ ದಂಡೆಗೆ. ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ನೀರು ಬೂಟಿನೊಳಗೆ ಬಂತು. ಆಚೆ ಬದಿಯ ಒಂದು ದೊಡ್ಡ ಗುಂಪಿನಲ್ಲಿ ಹೋದ ವರ್ಷದ ಗೂಡು ಇತ್ತು, ಎಲೆ ಮಡಚಿ ಬುಟ್ಟಿಯ ಹಾಗೆ ಮಾಡಿದ್ದು. ಹೇಳಿದೆ. ನೀರುಕೋಳಿಯದು, ಪ್ರತಿ ವರ್ಷ ಅದು ಅಲ್ಲಿಯೇ ಕಟ್ಟುವುದು ಎಂದರು. ಹೆಬ್ಬೆರಳು ಇಟ್ಟೆ, ಎಲೆ ಎರಡೂ ಕಡೆ ಸ್ವಲ್ಪ ಹೊರಗೆ ಬಂತು.

"ಇದೂ ಅಗಲ."

"ಅದಾ? ಆ ಬದಿಯಲ್ಲಿ ಇಷ್ಟು ದಪ್ಪದ್ದು ಉಂಟಾ?"

ಕಾಲು ಕೆಸರಿನಲ್ಲಿ ಹೂತಿತ್ತು, ಬೆರಳು ಚಳಿಗೆ ಮರಗಟ್ಟಿತ್ತು. "ನಾನೆಂತ ಸುಳ್ಳು ಹೇಳ್ತೇನಾ ಮಾರಾಯ್ರೆ? ಬೇಕಾದ್ರೆ ನೀವೇ ಇಳಿದು ನೋಡಿ," ಎಂದುಬಿಟ್ಟೆ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವರು, "ಹರಡಿರಬಹುದು. ಕಟ್ಟು," ಎಂದರು.

ಕಟ್ಟಿದೆ. ಮಗಳಿಗೆ ತೋರಿಸೋಣ ಎಂದು ಆ ಗೂಡಿನ ಗುಂಪಿನಿಂದಲೇ ಒಂದು ಎಲೆಯನ್ನೂ, ತುದಿ ಮುರಿಯದೆ ಉಳಿದ ಒಂದೇ ಒಂದು ಕಡ್ಡಿಯನ್ನೂ ಮುರಿದು ಚೀಲಕ್ಕೆ ಹಾಕಿದೆ. ಬಿಸಿಲು ಇಳಿಯುವಾಗ ಕೊಳದ ತುಂಬ ಕೆಂಪು ರಿಬ್ಬನ್, ಶಾಲೆಯ ವಾರ್ಷಿಕೋತ್ಸವದ ಹಾಗೆ. ಚೆನ್ನಾಗಿ ಕಾಣುತ್ತದೆ ಎಂದು ನಾನೇ ಹೇಳಿದೆ.

ಇವತ್ತು ಮಧ್ಯಾಹ್ನ ತೊಂಡೆಕಾಯಿ ಒಗ್ಗರಣೆಗೆ ಹಾಕಿ ತಿರುಗಿದೆ. ಇವರು ಅಡಿಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದರು. ಅಲ್ಲಿ ಒಂದು ಸ್ಟೀಲ್ ಲೋಟದ ನೀರಿನಲ್ಲಿ ಆ ಎಲೆ, ಕಡ್ಡಿ ಇಟ್ಟಿದ್ದೆ. ಇವರು ಎಲೆಯನ್ನು ಬೆರಳಲ್ಲಿ ತಡವಿ, ಉದ್ದಕ್ಕೆ ಹೆಬ್ಬೆರಳು ಇಟ್ಟು ನೋಡುತ್ತಿದ್ದರು, ನೋಡುತ್ತಿದ್ದರು ಅಂದರೆ ಮುಟ್ಟುತ್ತಿದ್ದರು.

"ಸಪೂರದ್ದನ್ನು ತಂದಿದ್ದಿ. ಒಳ್ಳೇದಾಯ್ತು, ಮಗಳಿಗೆ ಇದನ್ನೇ ತೋರಿಸಬೇಕು."

"ಅಲ್ಲ. ಅದು ದಪ್ಪದ್ದು. ರಿಬ್ಬನ್ ಕಟ್ಟಿದ್ದರದ್ದು."

"ಎಂತ ದಪ್ಪದ್ದು? ಬೆರಳಿನ ಒಳಗೆ ನಿಂತಿದೆ, ನೋಡು."

ಸೌಟು ಬಿಟ್ಟು ಹೋದೆ. ಇವರ ಹೆಬ್ಬೆರಳು ಎಲೆಯ ಮೇಲೆ ಇತ್ತು. ಕತ್ತರಿಯ ಕೆಲಸಕ್ಕೆ ಒಡೆದ ಉಗುರು, ಸವೆದು ಅಗಲವಾದ ತುದಿ. ಎಲೆ ಕೆಳಗೆ ಪೂರ್ತಿ ಅಡಗಿತ್ತು. ನನ್ನ ಹೆಬ್ಬೆರಳು ಪಕ್ಕದಲ್ಲಿ ಇಟ್ಟೆ. ಎಲೆಯ ಎರಡು ಅಂಚೂ ಹೊರಗೆ ಬಂದವು.

ಒಗ್ಗರಣೆ ಸೀದ ವಾಸನೆ ಬಂತು. ಯಾರೂ ಗ್ಯಾಸ್ ಆರಿಸಲಿಲ್ಲ. ಮಗಳೇ ರೂಮಿನಿಂದ ಬಂದು ಆರಿಸಿ, "ವಾಟ್ ಹ್ಯಾಪನ್ಡ್?" ಎಂದಳು.

ಇವರು ಎಲೆ ಬಿಟ್ಟು ಕಡ್ಡಿ ತೆಗೆದುಕೊಂಡರು. ಕಣ್ಣು ಮುಚ್ಚಿ, ಕೆದರಿದ ಹೆಣ್ಣು ಕೋಲಿನ ಮೇಲಿನಿಂದ ಉಗುರನ್ನು ಮೆಲ್ಲ ಮೇಲಕ್ಕೆ ಎಳೆದರು. ಉಗುರು ಕರಕರ ಎಂದು ಸಾಗಿ, ಒಂದು ಕಡೆ ಸದ್ದಿಲ್ಲದೆ ನುಣ್ಣಗೆ ಜಾರಿತು, ಮತ್ತೆ ಕರಕರ ಎಂದಿತು. "ಇಲ್ಲಿ ಜಾಗ ಉಂಟು," ಎಂದರು. ನನ್ನ ಕೈ ಹಿಡಿದು ನನ್ನ ಉಗುರನ್ನೂ ಹಾಗೇ ಎಳೆಸಿದರು. ಸೀರೆಯ ಜರಿಯಿಂದ ರೇಶ್ಮೆಗೆ, ರೇಶ್ಮೆಯಿಂದ ಮತ್ತೆ ಜರಿಗೆ ಹೋದ ಹಾಗೆ. ಬೆರಕೆ ಕೂಡ ಅಲ್ಲ, ಇಷ್ಟು ಜಾಗ ಇದ್ದರೆ ಸಪೂರದ್ದೇ. ನೀರು ಚೆನ್ನಾಗಿ ಸಿಕ್ಕಿ ಎಲೆ ತುಸು ಕೊಬ್ಬಿದ ಸಪೂರದ್ದು.

"ನಿನ್ನೆ ಕೈಗೆ ಸಿಕ್ಕಿದ್ರೆ ಗೊತ್ತಾಗ್ತಿತ್ತು," ಎಂದರು. "ನನ್ನ ಬೆರಳು ಅಂತ ನಾನು ಹೇಳ್ಲೇ ಇಲ್ಲ, ಅಲ್ವ?"

ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮದುವೆಯಾದಾಗಿನಿಂದ ಒಂದೇ ಮನೆಯಲ್ಲಿ ಇದ್ದು, ನನ್ನ ಹೆಬ್ಬೆರಳು ಇವರದಕ್ಕಿಂತ ಸಪೂರ ಎಂದು ಇಬ್ಬರಿಗೂ ಗೊತ್ತಿಲ್ಲವೇ? ಗೊತ್ತಿದೆ. ಆದರೂ.

"ನಾಳೆ ಅಲ್ವ ಜೆಸಿಬಿ. ಈಗ ಹೋಗಿ ಬಿಚ್ಚಿ ಬರುವ. ಭಾಯಿಗೆ ಫೋನ್ ಮಾಡಿ," ಎಂದೆ.

ಮಗಳು ನಂಬರ್ ಒತ್ತಿ ಸ್ಪೀಕರ್ ಹಾಕಿದಳು. ಭಾಯಿ ಖುಷಿಯಲ್ಲಿದ್ದ. "ಅರೇ ಚಾಚಾ, ಮಶೀನ್ ತೋ ಆಜ್ ಸುಬಹ್ ಆಯಾ!" ಇವತ್ತು ಬೆಳಿಗ್ಗೆಯೇ ಬಂದಿತಂತೆ. ಮಶೀನಿನವನಿಗೆ ನಾಳೆ ಬೇರೆ ಕಡೆ ಕೆಲಸ ಬಂತು, ಯಜಮಾನರು ಇವತ್ತೇ ಮುಗಿಸಿಬಿಡು ಎಂದರಂತೆ. "ಲಾಲ್ ವಾಲಾ ಸಬ್ ಖಲಾಸ್. ಏಕ್ ಭೀ ನಹೀಂ ಛೋಡಾ." ಕೆಂಪು ಕಟ್ಟಿದ್ದು ಒಂದನ್ನೂ ಬಿಡಲಿಲ್ಲ ಎಂದು ಅವನಿಗೆ ಹೆಮ್ಮೆ; ತಾನೇ ಮಶೀನಿನ ಮುಂದೆ ನಿಂತು ತೋರಿಸಿದನಂತೆ.

"ರಾಶಿ ಎಲ್ಲಿ ಹಾಕಿದ್ದಾರೆ?" ಇವರು ಹಿಂದಿಯಲ್ಲಿ ಕೇಳಿದರು. ಗೆಡ್ಡೆ ಬೇಗ ಸಾಯುವುದಿಲ್ಲ, ಕೆಸರಿಗೆ ಒತ್ತಿದರೆ ಮತ್ತೆ ಹಿಡಿಯುತ್ತದೆ. ಅದಕ್ಕೇ ಕೇಳಿದ್ದು ಎಂದು ನನಗೆ ತಿಳಿಯಿತು, ಸ್ವಲ್ಪ ಜೀವ ಬಂತು.

"ಲಾರಿ ಲೇ ಗಯಾ ಚಾಚಾ. ಪೂರಾ ಸಾಫ್." ಲಾರಿ ಎಲ್ಲ ತೆಗೆದುಕೊಂಡು ಹೋಗಿಯೂ ಆಯಿತಂತೆ.

ಆಮೇಲೆ ಭಾಯಿ ತಾನಾಗಿಯೇ, ಆಚೆ ಬದಿಯ ಹಕ್ಕಿ ಎರಡು ತುಂಬ ಹೊತ್ತು ಕಿರುಚಿಕೊಂಡು ಸುತ್ತಿದವು, ಈಗ ಇಲ್ಲ ಎಂದ.

ಫೋನ್ ಇಟ್ಟ ಮೇಲೆ ಊಟಕ್ಕೆ ಕೂತೆವು, ಯಾರೂ ತಿನ್ನಲಿಲ್ಲ. ಸೀದ ಪಲ್ಯವನ್ನು ಮುಚ್ಚಿಟ್ಟೆ. ಲೆಕ್ಕ ಹಾಕಿ ನೋಡಿದರೆ ಎಲ್ಲ ಸುಲಭವಾಗಿಯೇ ಇತ್ತು. ನನ್ನ ಹೆಬ್ಬೆರಳಿನೊಳಗೆ ನಿಂತದ್ದು ಮಾತ್ರ ಉಳಿದಿದೆ, ಅದೆಲ್ಲ ಖಂಡಿತ ಸಪೂರದ್ದೇ. ಬೇಸಿಗೆಯಲ್ಲಿ ಕೋಲು ಬಂದಾಗ ಯಜಮಾನರು ದಂಡೆಯಲ್ಲಿ ನಿಂತು ನೋಡಿದರೆ ಪ್ರತಿಯೊಂದರಲ್ಲೂ ನಡುವೆ ಜಾಗ ಕಾಣುತ್ತದೆ. ಒಂದು ದಪ್ಪದ್ದೂ ಇಲ್ಲ. ಕೆಲಸ ಚೊಕ್ಕವಾಗಿ ಆಗಿದೆ ಎಂದೇ ಕಾಣುತ್ತದೆ. ಹೋದದ್ದರಲ್ಲಿ ಯಾವುದು ಏನಾಗಿತ್ತು ಎಂದು ಹೇಳಬಲ್ಲವರು ಇಡೀ ತೋಟದಲ್ಲಿ ಒಬ್ಬರೇ, ಅವರು ನನ್ನ ಎದುರಿಗೆ ಕೂತಿದ್ದರು.

"ಸುಮ್ಮನಿದ್ದುಬಿಡಿ," ಎಂದೆ.

"ನೋಬಡಿ ವಿಲ್ ನೋ, ಅಪ್ಪ," ಎಂದಳು ಮಗಳು. ಅವಳ ದನಿಯಲ್ಲಿ ಪರೀಕ್ಷೆ ಇತ್ತು, ಶಾಲೆ ಇತ್ತು, ಅವಳ ರೂಮು ಇತ್ತು. ನನ್ನ ದನಿಯಲ್ಲೂ ಅದೇ ಇದ್ದಿರಬೇಕು.

"ಹೌದು. ಗೊತ್ತಾಗ್ಲಿಕ್ಕಿಲ್ಲ," ಎಂದು ಇವರು ಒಪ್ಪಿದರು.

ಅಷ್ಟಕ್ಕೇ ಬಿಡುತ್ತಿದ್ದರೋ ಏನೋ. ಮಸೀದಿಯಲ್ಲಿ ಸಂಜೆಯ ಅಸರ್ ಬಾಂಗ್ ಆದ ಸ್ವಲ್ಪ ಹೊತ್ತಿಗೆ ಯಜಮಾನರ ಫೋನೇ ಬಂತು. ಮೊಬೈಲಿನ ಹೆಸರು ಇವರಿಗೆ ಕಾಣುವುದಿಲ್ಲ, ನಾನು ಓದಿ ಹೇಳಿದೆ. ಸ್ಪೀಕರ್ ಹಾಕಿಯೇ ಮಾತಾಡುವುದು ಈಗ ಇವರ ಅಭ್ಯಾಸ.

ಯಜಮಾನರು ಕೊಳದ ಹತ್ತಿರವೇ ಇದ್ದರು, ಗಾಳಿಯ ಸದ್ದು ಕೇಳುತ್ತಿತ್ತು. ಅರಬ್ಬಿಗೆ ಅರ್ಧ ಹಿಂದಿ ಬೆರೆಸಿ ಮಾತಾಡುತ್ತಾರೆ. ಶಾಬಾಶ್ ಮುಹಂದಿಸ್, ನೀರು ಎಷ್ಟು ತೆರೆದುಕೊಂಡಿದೆ, ಈಗ ಕೊಳ ಕೊಳದ ಹಾಗೆ ಕಾಣುತ್ತಿದೆ ಎಂದರು. ಹಕ್ಕಿ ಕಾಣುತ್ತಿಲ್ಲ, ಮಶೀನಿನ ಸದ್ದಿಗೆ ಹೆದರಿರಬೇಕು, ಬರುತ್ತವೆ ಎಂದರು. ಆಮೇಲೆ, ಖರ್ಜೂರದ ಮರಗಳ ಬುಡಕ್ಕೆ ಹುಳ ಬಿದ್ದಿದೆಯೋ ಎಂದು ಸಂಶಯ, ನಾಳೆ ಬಂದು ಒಂದೊಂದನ್ನೂ ನೋಡು, ತೂತು ಇದ್ದದ್ದಕ್ಕೆ ಇದೇ ರೀತಿ ಕೆಂಪು ಕಟ್ಟು, ಮಶೀನಿನವನನ್ನು ಮತ್ತೆ ಕರೆಸುತ್ತೇನೆ ಎಂದರು.

ಇವರು ನನ್ನ ಕಡೆ ತಿರುಗಿದರು. ನನ್ನನ್ನು ನೋಡಬೇಕಾದಾಗ ಇವರು ನನ್ನ ಕಿವಿಯಾಚೆಗೆ ನೋಡುತ್ತಾರೆ. ಆಗ ನನ್ನ ಮುಖ ಇವರ ಕಣ್ಣಿನ ಅಂಚಿಗೆ ಬರುತ್ತದೆ. ಹಾಗೆ ನೋಡಿದರು. ಫೋನಿನ ಮೇಲೆ ಕೈ ಮುಚ್ಚಿ, "ಈಗ ಯಾರ ಬೆರಳು ಇಡುದು?" ಎಂದರು.

ನಾನು ಬರುತ್ತೇನೆ ಎಂದು ಹೇಳಬಹುದಾಗಿತ್ತು. ಬುಧವಾರ ಹಾಗೆಯೇ ಹೇಳಿದ್ದೆ.

ಇವರು ಕೈ ತೆಗೆದರು. "ಬಾಬಾ," ಎಂದರು, "ಐನ್ ಮಾಫಿ ಶೂಫ್." ಕಣ್ಣು ಕಾಣುವುದಿಲ್ಲ. ತೋಟದಲ್ಲಿ ಕಲಿತ ಮುರುಕು ಅರಬ್ಬಿ ಇಷ್ಟೇ. ಪರದೆ, ನಡುಭಾಗ, ಇಂಜೆಕ್ಷನ್ ಎಂದು ಹೇಳಲು ಅದರಲ್ಲಿ ಶಬ್ದಗಳಿಲ್ಲ. ಆಮೇಲೆ ಹಿಂದಿಗೆ ಬಂದು ಉಳಿದದ್ದನ್ನು ಹೇಳಿದರು: ಬೇಸಿಗೆಯಿಂದ ಹೀಗಿದೆ, ಈ ಸಲದ ಗುರುತು ತಪ್ಪಾಗಿದೆ, ಒಳ್ಳೆಯ ಜೊಂಡನ್ನೂ ಕೀಳಿಸಿದ್ದೇನೆ, ಹಕ್ಕಿ ಇದ್ದದ್ದು ಅದರಲ್ಲೇ. "ಗಲತೀ ಮೇರೀ ಹೈ, ಬಾಬಾ." ತಪ್ಪು ನನ್ನದು ಎಂದು.

ತಪ್ಪು ಇವರದಲ್ಲ, ನನ್ನದು ಎನ್ನಲು ನಾನು ಫೋನಿನ ಕಡೆ ಕೈ ಚಾಚಿದೆ. ಇವರು ನನ್ನ ಮಣಿಕಟ್ಟು ಹಿಡಿದು ಮೇಜಿನ ಮೇಲೆ ಒತ್ತಿ ಇಟ್ಟರು. ಹಿಡಿತ ಗಟ್ಟಿಯಾಗಿತ್ತು. ಬಿಟ್ಟಿದ್ದರೂ ನಾನೇನು ಹೇಳುತ್ತಿದ್ದೆ? ನನಗೆ ಅರಬ್ಬಿ ಬರುವುದಿಲ್ಲ, ಹಿಂದಿ ತರಕಾರಿ ಅಂಗಡಿಗೆ ಸಾಕಾಗುವಷ್ಟು. ನನ್ನ ಹೆಬ್ಬೆರಳು ಸಪೂರ ಎಂದು ಯಾವ ಭಾಷೆಯಲ್ಲಿ ಹೇಳುವುದು?

ಆ ಕಡೆಯಿಂದ ಬರೀ ಗಾಳಿ ಕೇಳಿತು. ಫೋನ್ ಕಟ್ಟಾಯಿತೋ ಎಂದು ಮಗಳು ಬಗ್ಗಿ ನೋಡಿದಳು. ಆಗಿರಲಿಲ್ಲ. ಯಜಮಾನರು ಕೊಳವನ್ನು ನೋಡುತ್ತಿರಬೇಕು ಎಂದುಕೊಂಡೆ. ಅವರಿಗೆ ಎರಡರ ಭೇದ ಕಲಿಸಿದವರು ಇವರೇ. ಈಗ ಅಲ್ಲಿ ನೋಡಲು ಏನೂ ಉಳಿದಿಲ್ಲ.

"ತಯ್ಯಿಬ್," ಎಂದರು ಕೊನೆಗೆ. ಆಗಲಿ ಎನ್ನುವ ಮಾತು. "ಬುಕ್ರಾ ಆಓ. ದೇಖೇಗಾ." ನಾಳೆ ಬಾ, ನೋಡೋಣ. ಮುಹಂದಿಸ್ ಎನ್ನಲಿಲ್ಲ. ಬೈಯಲೂ ಇಲ್ಲ. ಫೋನ್ ಇಟ್ಟರು.

ಈ ದೇಶದಲ್ಲಿ ಇಷ್ಟು ವರ್ಷ ಇದ್ದು ನಾನು ತಿಳಿದದ್ದು, ನಾಳೆ ನೋಡೋಣ ಎಂದರೆ ಏನು ಬೇಕಾದರೂ ಆಗಬಹುದು. ಇಕಾಮಾ ಬರೆಸಿಯೂ ಕೊಡಬಹುದು, ಟಿಕೆಟ್ ಕೈಗೆ ಕೊಡಲೂಬಹುದು. ಮಗಳು, "ಸೋ ವಾಟ್ ಡಸ್ ದಟ್ ಮೀನ್?" ಎಂದು ನನ್ನನ್ನು ಕೇಳಿದಳು. ನಾನು ಅಪ್ಪನನ್ನು ಕೇಳು ಎಂದೆ. ಇವರು, "ನಾಳೆ ಹೋಗ್ತೇನೆ ಅಂತ ಅರ್ಥ," ಎಂದರು. ಆಮೇಲೆ ಅವಳು, ಎಂದೂ ಮಾಡದವಳು, ಲೋಟದಲ್ಲಿದ್ದ ಎಲೆಯನ್ನು ತೆಗೆದು ಒರೆಸಿ, ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಎಲ್ಲಿಯವರೆಗೆ ಬಂತು ಎಂದು ನಾನು ಕೇಳಲಿಲ್ಲ. ಎಲೆ ತೆಗೆದುಕೊಂಡು ರೂಮಿಗೆ ಹೋದಳು.

ಪ್ಯಾಂಟುಗಳನ್ನು ಸೋಪಿನ ನೀರಿನಿಂದ ತೆಗೆದು ಹಿಂಡಿ ಬಾಲ್ಕನಿಯಲ್ಲಿ ಹರಡಿದೆ. ವಾಸನೆ ಇನ್ನೂ ಇದೆ. ನಾಳೆ ಇವರು ಹಾಕಿಕೊಂಡು ಹೋಗಬೇಕಾದ ಬಟ್ಟೆ ತೆಗೆದಿಟ್ಟೆ, ಕೆಲಸದ ಅಂಗಿಯೋ ಒಳ್ಳೆಯ ಅಂಗಿಯೋ ಎಂದು ತಿಳಿಯದೆ ಎರಡನ್ನೂ ಇಟ್ಟೆ. ಕೆಲಸದ ಅಂಗಿಯ ಕಾಲರಿನಲ್ಲಿ ಒಂದಿಷ್ಟು ಅರಳೆ ಸಿಕ್ಕಿಕೊಂಡಿತ್ತು. ಯಾವುದರದ್ದು ಎಂದು ನೋಡಿದೆ. ಅರಳೆಯಲ್ಲಿ ಗೊತ್ತಾಗುವುದಿಲ್ಲ.

ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ, ಉಪ್ಪಿನಕಾಯಿ. ಸೀದ ತೊಂಡೆಕಾಯಿ ಪಲ್ಯವನ್ನು ಎಸೆಯಲು ಹೊರಟಿದ್ದೆ, ಇವರು ಬೇಡ ಎಂದು ಪಾತ್ರೆ ಎಳೆದುಕೊಂಡು ಅದನ್ನೇ ಎರಡು ಸಲ ಹಾಕಿಸಿಕೊಂಡರು. ಮಗಳು ಗಂಜಿಗೆ ಮೊಸರು ಹಾಕಿಕೊಂಡಳು. ಮೊದಲು ಮಲಗಿದ್ದು ಇವರು, ನಾನು ತಟ್ಟೆ ತೊಳೆದು ಮುಗಿಸುವ ಮೊದಲೇ.